ರೇಯಾನ್ ಬಟ್ಟೆಯೂ ಹೊಳೆ ನೀರೂ

ಫಳಫಳ ಹೊಳೆಯುವ ರೇಯಾನ್ ಬಟ್ಟೆ ಹತ್ತಿಯದಲ್ಲ. ನೀಲಗಿರಿಯಂಥ ಮರವನ್ನು ರಾಸಾಯನಿಕದಲ್ಲಿ ಬೇಯಿಸಿ, ತಿರುಳು ಮಾಡಿ, ಅದರಿಂದ ಎಳೆ ತೆಗೀತಾರೆ. ನಮ್ಮ ಹರಿಹರದ ಎದುರು ದಂಡೆ ಕುಮಾರಪಟ್ಟಣದಲ್ಲೇ ಈ ಕೆಲಸ ನಡೆಯುತ್ತದೆ. 1984ರಲ್ಲಿ ಅಲ್ಲಿಂದ ಕೆಳಗೆ ತುಂಗಭದ್ರೆಯ ಮೀನು ರಾಶಿ ರಾಶಿ ಸತ್ತವು, ಜನ ಎದ್ದರು. ಮರದ ವಿಷಯಕ್ಕೂ ಹೋರಾಟವಾಯ್ತು. ಊರವರ ಗೋಮಾಳಕ್ಕೆ ನೀಲಗಿರಿ ಹಾಕಿದ್ದಕ್ಕೆ 1987ರ ನವೆಂಬರ್ 14ರಂದು ಹಾವೇರಿ ಕಡೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ! (ಹೆಸರೇ ಎಷ್ಟು ಚೆಂದ.) ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು.

ಕಾರ್ಖಾನೆ ಮುಚ್ಚಿದರೆ ಕೂಲಿಯವರ ಗತಿಯೇನು ಅಂತೀರಿ. ಮುಚ್ಚೋದು ಬೇಡ, ಕೊಳೆ ನೀರು ಶುದ್ಧ ಮಾಡಿ ಬಿಡಲಿ. ಆದರೆ ‘ಶುದ್ಧ ಮಾಡಿದ್ದೇವೆ’ ಅಂದರೆ ಸಾಲದು. ಹೊಳೆ ನೀರಲ್ಲಿ ಮೀನು ಉಸಿರಾಡುವಷ್ಟು ಆಮ್ಲಜನಕ ಉಳಿದಿದೆಯಾ ಅನ್ನೋದನ್ನು ಪರೀಕ್ಷೆ ಮಾಡಿಸಿ, ಕೆಳಗಿನ ಪ್ರತಿ ಊರಿನ ಪಂಚಾಯ್ತಿ ಗೋಡೆ ಮೇಲೆ ತಿಂಗಳು ತಿಂಗಳು ಕನ್ನಡದಲ್ಲಿ ಬರೆಸಲಿ.