ಸ್ಕೋಪಾಚಾರ್ಯರಿಗೊಂದು ನಮಸ್ಕಾರ

"ಮೆಟೀರಿಯಲ್ಸ್ ಸೈನ್ಸ್‌ನಲ್ಲಿ ಎಂ.ಟೆಕ್ಕಾ? ಅದಕ್ಕೆ ಸ್ಕೋಪೇ ಇಲ್ವಲ್ರೀ..."

ಈ ಮಾತು ಕೇಳಿ ಕೇಳಿ ರೇಜಿಗೆ ಹತ್ತಿದೆ. ನಮ್ಮ ಚಿಕ್ಕಪ್ಪನ ಮಗಳಿಗೆ ಗೇಟ್ ಪರೀಕ್ಷೆ ಬರೆದು ಸೀಟು ಸಿಕ್ಕಾಗ ಮನೆಗೆ ಬಂದವರೆಲ್ಲ ಹೇಳಿದ್ದು ಇದನ್ನೇ. ತಮಾಷೆ ಅಂದ್ರೆ ಹಾಗಂದವರಲ್ಲಿ ಮುಕ್ಕಾಲು ಪಾಲು ನನ್ನ ಹಾಗೇ ಸಾಫ್ಟ್‌ವೇರ್‌ನವರು!

ಇದೇ ಜನ ವಾಟ್ಸಾಪಿನಲ್ಲಿ ಎದೆಯುಬ್ಬಿಸಿಕೊಂಡು ಕಳಿಸೋದು ಏನು ಗೊತ್ತಾ? ಇಂಗ್ಲಿಷಿನ 'ವೂಟ್ಜ್' ಬಂದದ್ದು ನಮ್ಮ 'ಉಕ್ಕು' ಪದದಿಂದ ಅಂತ. ಇರಬಹುದು (ತೆಲುಗಿನವರೂ ಉಕ್ಕು ಅಂತಲೇ ಅಂತಾರೆ, ಜಗಳ ಬೇಡ ಬಿಡಿ). 1820ರ ಆಸುಪಾಸಿನಲ್ಲಿ ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಈ ಉಕ್ಕಿನ ಗುಟ್ಟು ಹುಡುಕುತ್ತಾ ತಲೆ ಕೆಡಿಸಿಕೊಂಡಿದ್ದ. ಎಲ್ಲಾ ಕಬ್ಬಿಣವೇ, ಇದು ಮಾತ್ರ ಯಾಕೆ ಹೀಗೆ? ಎಂ.ಟೆಕ್‌ನಲ್ಲಿ ಎರಡು ವರ್ಷ ಕಲಿಯೋದೂ ಹೆಚ್ಚುಕಮ್ಮಿ ಅದನ್ನೇ ಸ್ವಾಮೀ. ವಸ್ತುವಿನ ಒಳಗೆ ಏನಿದೆ, ಕಾಯಿಸಿ ತಣಿಸಿದರೆ ಅದು ಹೇಗೆ ಬದಲಾಗುತ್ತೆ, ಬದಲಾದರೆ ಗಟ್ಟಿಯಾಗುತ್ತೋ ಪುಡಿಯಾಗುತ್ತೋ. ಉಕ್ಕಿನ ಹೆಸರು ಬೇಕು, ಉಕ್ಕು ಓದೋ ಹುಡುಗಿ ಬೇಡ. ಇದ್ಯಾವ ಅಭಿಮಾನ?

ಇನ್ನು ನಮ್ಮ ಅನ್ನದ ವಿಷಯಕ್ಕೆ ಬರೋಣ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರಿನಲ್ಲಿ ಸಿಲಿಕಾನ್ ಡೈಆಕ್ಸೈಡಿನ ಒಂದು ತೆಳು ಪೊರೆ ಇತ್ತು. ಪ್ರತಿ ಪೀಳಿಗೆಗೂ ಅದನ್ನು ತೆಳ್ಳಗೆ ಮಾಡುತ್ತಾ ಮಾಡುತ್ತಾ ಸುಮಾರು 1.2 ನ್ಯಾನೋಮೀಟರಿಗೆ ತಂದಿಟ್ಟರು, ಅಂದರೆ ಬರೀ ಐದು ಪರಮಾಣು ಪದರ! ಎಲೆಕ್ಟ್ರಾನುಗಳು ಹರಕು ಸೊಳ್ಳೆ ಪರದೆಯೊಳಗೆ ಸೊಳ್ಳೆ ನುಗ್ಗಿದಂತೆ ನುಗ್ಗತೊಡಗಿದವು. ಚಿಪ್ಪು ಸುಮ್ಮನೆ ಕೂತರೂ ಬಿಸಿ. ಅಲ್ಲಿಂದ ದಾಟಿಸಿದ್ದು ಯಾವ ಅಲ್ಗಾರಿದಮ್ಮೂ ಅಲ್ಲ, ಹಾಫ್ನಿಯಂ ಅನ್ನೋ ಲೋಹದ ಆಕ್ಸೈಡು. ಪೊರೆ ದಪ್ಪಗಿದ್ದರೂ ವಿದ್ಯುತ್ತಿನ ಲೆಕ್ಕದಲ್ಲಿ ತೆಳ್ಳಗಿನದರ ಕೆಲಸವನ್ನೇ ಮಾಡುತ್ತೆ. 2007ರಲ್ಲಿ ಇಂಟೆಲ್‌ನ 45 ನ್ಯಾನೋಮೀಟರ್ ಚಿಪ್ಪುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ನಾವು ಬರೆದ ದರಿದ್ರ ಕೋಡು ಇವತ್ತು ಸರಾಗ ಓಡುತ್ತಿದ್ರೆ ಅದರಲ್ಲಿ ಈ 'ಸ್ಕೋಪಿಲ್ಲದವರ' ಪಾಲೂ ಇದೆ :)

ಕೋರ್ ಕಂಪನಿಗಳಲ್ಲಿ ಸಂಬಳ ಕಮ್ಮಿ, ಹುದ್ದೆಗಳೂ ಕಮ್ಮಿ. ಒಪ್ಪಿದೆ. ಆದರೆ ಅದು ವಿಷಯದ ದೋಷವಾ? ನಮ್ಮ ಆಫೀಸಿಗೆ ಒಬ್ಬ ಮೆಟೀರಿಯಲ್ಸ್ ಎಂ.ಟೆಕ್ ಹುಡುಗ ಇಂಟರ್‌ವ್ಯೂಗೆ ಬಂದಿದ್ದ. ಜೆಟ್ ಇಂಜಿನ್ನಿನ ನಿಕ್ಕಲ್ ಮಿಶ್ರಲೋಹ ಬಿಸಿಯಲ್ಲಿ ನಿಧಾನಕ್ಕೆ ಹಿಗ್ಗೋದರ ಮೇಲೆ ಥೀಸಿಸ್ ಮಾಡಿದ್ದವನು. "ಅದೆಲ್ಲ ಇರ್ಲಿ, ಲಿಂಕ್ಡ್ ಲಿಸ್ಟ್ ತಿರುಗಿಸಿ ತೋರ್ಸು" ಅಂದರು. ತೋರಿಸಿದ, ಕೆಲಸ ಸಿಕ್ತು. ಈಗ ಯಾವುದೋ ಬ್ಯಾಂಕಿನ ಫಾರ್ಮುಗಳ ಬಟನ್ನು ಜೋಡಿಸ್ತಾ ಇದ್ದಾನೆ. ಇದನ್ನು ನೋಡಿ "ಕಂಡ್ರಾ, ಕೊನೆಗೆ ಸಾಫ್ಟ್‌ವೇರಿಗೇ ಬಂದ" ಅಂತ ನಗೋರಿಗೆ ಏನು ಹೇಳೋಣ? ಬರದೇ ಇನ್ನೆಲ್ಲಿಗೆ ಹೋಗ್ತಾನೆ?

ದುಡ್ಡಿನ ಲೆಕ್ಕ ಇನ್ನೂ ಚೆನ್ನಾಗಿದೆ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರ ಸ್ಟೈಪೆಂಡು 2014-15ರಲ್ಲಿ ತಿಂಗಳಿಗೆ 12,400 ರೂಪಾಯಿ ಆಯಿತು. ಪಿಎಚ್‌.ಡಿ. ಶುರು ಮಾಡೋರಿಗೆ ಸಿಗುವ ಜೆಆರ್‌ಎಫ್ 2019ರಲ್ಲಿ 31,000ಕ್ಕೆ, 2023ರಲ್ಲಿ 37,000ಕ್ಕೆ ಏರಿತು. ಏರಲೇಬೇಕಿತ್ತು, ಹೊಟ್ಟೆಕಿಚ್ಚಿಲ್ಲ. ಆದರೆ ಆ ಎರಡೂ ಸಲ ಎಂ.ಟೆಕ್‌ನವರ 12,400 ಒಂದಿಂಚೂ ಅಲುಗಲಿಲ್ಲ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿದ ಯಾರಿಗಾದರೂ ಇದರ ಅರ್ಥ ಬಿಡಿಸಿ ಹೇಳಬೇಕಾ? ಮನೆಯಲ್ಲಿ ಸಾಲ ಇರೋ ಹುಡುಗ ಹುಡುಗಿಯರು ಈ ಕಡೆ ತಲೆ ಹಾಕದಂತೆ ಮಾಡೋಕೆ ಇಷ್ಟು ಸಾಕು.

ಅತ್ತ 2021ರ ಡಿಸೆಂಬರಿನಲ್ಲಿ ಸೆಮಿಕಂಡಕ್ಟರಿಗೆ ಅಂತ ಕೇಂದ್ರ ಸರ್ಕಾರ 76,000 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚಪ್ಪಾಳೆ ತಟ್ಟಿದವರಲ್ಲಿ ನಮ್ಮ ಸ್ಕೋಪಾಚಾರ್ಯರೇ ಮುಂದು. ಅಲ್ಲ ಸ್ವಾಮೀ, ಫ್ಯಾಬ್ ಅಂದ್ರೆ ಏನು ಅಂದ್ಕೊಂಡಿದೀರಿ? ಕುಲುಮೆ, ತೆಳು ಪೊರೆ, ಹರಳಿನೊಳಗಿನ ದೋಷ. ರಾತ್ರಿ ಪಾಳಿಯಲ್ಲಿ ವೇಫರ್ ಕೆಟ್ಟರೆ ಯಾಕೆ ಕೆಟ್ಟಿತು ಅಂತ ನೋಡೋಕೆ ಯಾರನ್ನು ಕರೀತೀರಿ, ಬಟನ್ನು ಜೋಡಿಸೋಕೆ ಕೂರಿಸಿದ ಆ ಹುಡುಗನನ್ನಾ?