ಮಾಳಿಗೆಯೋ, ಕಾಂಕ್ರೀಟೋ?

ಹೊಸ ಮನೆಗೆ ಮಣ್ಣಿನ ಮಾಳಿಗೆ ಲೇಸೋ, ಕಾಂಕ್ರೀಟೋ ಎಂದು ವಿಜಯಪುರ ಸೀಮೆಯ ಸದ್ಭಕ್ತರೊಬ್ಬರು ನಮ್ಮನ್ನು ಕೇಳಿದರು. ಮಳೆ ಸುರಿಯುವ ಮಲೆನಾಡಿಗೆ ಇಳಿಜಾರಿನ ಹೆಂಚು ತಕ್ಕದ್ದು. ಮಳೆ ವಿರಳವಾದ ಬಯಲುಸೀಮೆಗೆ ಹಿರಿಯರು ಮಾಳಿಗೆಯನ್ನೇ ಆಯ್ದರು. ದಪ್ಪ ಮಣ್ಣು ಬಿಸಿಲನ್ನು ತಡೆದು ಒಳಗನ್ನು ತಂಪಾಗಿರಿಸುವುದು. ಆದರೆ ಅದರ ಭಾರವನ್ನು ಮರೆಯಲಾಗದು. 1993ರಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ, ಕಲ್ಲುಗೋಡೆಗಳು ಕುಸಿದು, ಭಾರವಾದ ಮಾಳಿಗೆಗಳ ಅಡಿಯಲ್ಲಿ ಮಲಗಿದ್ದ ಸಹಸ್ರಾರು ಜನರು ಮಡಿದರು.

ಆದುದರಿಂದ ಕಾಂಕ್ರೀಟನ್ನೇ ಹಾಕಿಸಿರೆಂದೆವು. ಬಲ್ಲ ಇಂಜಿನಿಯರರ ಮಾತಿನಂತೆ ಗೋಡೆಗಳ ಸುತ್ತ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿಯಿರಲಿ. ಕಾವು ತಗ್ಗಲು ಮೇಲೆ ಬಿಳಿಯ ಸುಣ್ಣವಿರಲಿ. ಮುಂಬಾಗಿಲ ಅಲಂಕಾರಕ್ಕೆ ಸಾಲ ಬೇಡ. ಸರಳು, ಸಿಮೆಂಟಿನಲ್ಲಿ ಜಿಪುಣತನವೂ ಬೇಡ. ನಿದ್ರಿಸುವ ಮಕ್ಕಳನ್ನು ಕಾಯುವ ಸೂರೇ ಶರಣರ ಮನೆಗೆ ಭೂಷಣ.