ಕೆಳಗಿನವನು ಗೆದ್ದರೆ ಅಪರಾಧವೇ?

ಕಡಿಮೆ ರೇಟಿಂಗಿನ ಚದುರಂಗದ ಆಟಗಾರನೊಬ್ಬ ತನಗಿಂತ ಪ್ರಬಲನನ್ನು ಸೋಲಿಸಿದಾಗ ‘ಏನೋ ಅದೃಷ್ಟ’ ಎನ್ನುವವರೂ ‘ಏನೋ ಮೋಸವಿದೆ’ ಎನ್ನುವವರೂ ಬಹಳ. ಈ ಎರಡು ಮಾತುಗಳನ್ನೂ ನಾನು ಒಪ್ಪಲಾರೆ.

2022ರ ಸೆಪ್ಟೆಂಬರ್ 4ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಸಿಂಕ್‌ಫೀಲ್ಡ್ ಕಪ್ ಪಂದ್ಯಾವಳಿಯ ಮೂರನೆಯ ಸುತ್ತನ್ನು ನೋಡಿ. ಒಂದೆಡೆ ಅಂದಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್, ರೇಟಿಂಗ್ 2861; ಎದುರಿಗೆ 19 ವರ್ಷದ ಹ್ಯಾನ್ಸ್ ನೀಮನ್, 2688. ಬಿಳಿ ಕಾಯಿಗಳ ಅನುಕೂಲವೂ ಕಾರ್ಲ್‌ಸನ್ನನದೇ. ಆದರೂ ಗೆದ್ದವನು ನೀಮನ್. ಮರುದಿನವೇ ಕಾರ್ಲ್‌ಸನ್ ಪಂದ್ಯಾವಳಿಯನ್ನು ಬಿಟ್ಟು ಹೊರನಡೆದ. ಸೆಪ್ಟೆಂಬರ್ 26ರ ಹೇಳಿಕೆಯಲ್ಲಿ ಆತ ತನ್ನ ಸಂಶಯಕ್ಕೆ ಕೊಟ್ಟ ಕಾರಣಗಳಲ್ಲೊಂದು, ಎದುರಾಳಿ ಕಠಿಣ ಘಟ್ಟದಲ್ಲಿಯೂ ಉದ್ವೇಗಗೊಂಡಂತೆ ಕಾಣಲಿಲ್ಲ ಎಂಬುದು! ಶಾಂತಚಿತ್ತತೆ ಎಂದಿನಿಂದ ಅಪರಾಧವಾಯಿತು?

ಅಷ್ಟಕ್ಕೂ ರೇಟಿಂಗ್ ಎಂದರೇನು? ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಎಲೋ ರೂಪಿಸಿದ, 1970ರಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ ಅಂಗೀಕರಿಸಿದ ಒಂದು ಅಂದಾಜು. ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂಕವೆಂದರೆ, 173 ಪಾಯಿಂಟುಗಳಷ್ಟು ಹಿಂದಿರುವವನೂ 100 ಆಟಗಳಲ್ಲಿ ಸುಮಾರು 27 ಅಂಕ ಗಳಿಸುತ್ತಾನೆಂದು ಆ ಸೂತ್ರವೇ ಹೇಳುತ್ತದೆ. ಅದು ನಿನ್ನೆಯವರೆಗಿನ ಆಟದ ಲೆಕ್ಕ. ಇಂದಿನ ಆಟದ ತೀರ್ಪಲ್ಲ.

ನೀಮನ್ ಕಳಂಕರಹಿತನೆಂದು ನಾನು ವಾದಿಸುತ್ತಿಲ್ಲ. 12 ಮತ್ತು 16ನೆಯ ವಯಸ್ಸಿನಲ್ಲಿ ಅಂತರ್ಜಾಲದ ಆಟಗಳಲ್ಲಿ ವಂಚಿಸಿದ್ದನ್ನು ಆತನೇ ಒಪ್ಪಿಕೊಂಡಿದ್ದಾನೆ. ಅದಕ್ಕಿಂತ ಹೆಚ್ಚೇ ನಡೆದಿರಬಹುದೆಂದು ಚೆಸ್ ಡಾಟ್ ಕಾಮ್ ವರದಿ ಮಾಡಿತು. ಆದರೆ ಹಲಗೆಯ ಮುಂದೆ ಕುಳಿತು ಆಡಿದ ಈ ಆಟದಲ್ಲಿ ಮೋಸವಾಯಿತೆಂಬುದಕ್ಕೆ ಯಾರೂ ಪುರಾವೆ ತೋರಿಸಲಿಲ್ಲ. 2023ರ ಡಿಸೆಂಬರಿನಲ್ಲಿ ಫಿಡೆಯ ಶಿಸ್ತು ಆಯೋಗವು ಕಾರ್ಲ್‌ಸನ್ನನನ್ನು ನಿರಾಧಾರ ಆರೋಪದ ದೂರಿನಿಂದ ಮುಕ್ತಗೊಳಿಸಿತು, ನಿಜ. ಸಕಾರಣವಿಲ್ಲದೆ ಪಂದ್ಯಾವಳಿಯಿಂದ ಹಿಂದೆ ಸರಿದುದಕ್ಕೆ 10,000 ಯೂರೋ ದಂಡವನ್ನೂ ವಿಧಿಸಿತು.

ಅಧ್ಯಾಪಕರ ಕೊಠಡಿಯಲ್ಲಿಯೂ ಈ ರೋಗವನ್ನು ಕಂಡಿದ್ದೇನೆ. ಕೊನೆಯ ಬೆಂಚಿನ ಹುಡುಗ ಗಣಿತದಲ್ಲಿ ತೊಂಬತ್ತು ತೆಗೆದರೆ ‘ಯಾರದನ್ನು ನೋಡಿ ಬರೆದನೋ’ ಎಂಬ ಉದ್ಗಾರ. ಮೊದಲ ಬೆಂಚಿನವನ ತೊಂಬತ್ತಕ್ಕೆ ಯಾವ ಪ್ರಶ್ನೆಯೂ ಇಲ್ಲ. ತಪಾಸಣೆ ಬೇಡವೆಂದು ನಾನು ಹೇಳುವುದಿಲ್ಲ. ಅದು ಆಟಕ್ಕೆ ಮುನ್ನ, ಬಾಗಿಲಿನಲ್ಲಿಯೇ, ಎಲ್ಲರಿಗೂ ಸಮನಾಗಿ ನಡೆಯಲಿ. ಫಲಿತಾಂಶವನ್ನು ಕಂಡ ಮೇಲೆ ಕೆಳಗಿನವನ ಜೇಬನ್ನಷ್ಟೇ ತಡಕುವುದು ನ್ಯಾಯವಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಯರು, ಕೆಲವರು ಅಧ್ಯಾಪಕರು. ನಿಮ್ಮ ನಿರೀಕ್ಷೆಯನ್ನು ಮೀರಿ ಮಗುವೊಂದು ಗೆದ್ದು ಬಂದಾಗ, ‘ಹೇಗೆ ಆಡಿದೆ, ಒಮ್ಮೆ ತೋರಿಸು’ ಎಂದು ಹಲಗೆ ಹಾಸಿ ಕುಳಿತುಕೊಳ್ಳಿ.